ಎಂಟು ಸಾವಿರ ಅಕ್ಷರಗಳ ಗ್ರಂಥ

ಹೂಕೋಸು ಬಿಡಿಸುವಾಗ ನನ್ನ ಮನೆಯಾಕೆ ಹುಳುವಿಗಾಗಿ ಎಸಳೆಸಳನ್ನೂ ಶೋಧಿಸುತ್ತಾಳೆ. ಉಪ್ಪುನೀರಿಗೆ ಹೆದರದ, ಕಣ್ಣಿಗೂ ಕಾಣದ ಇನ್ನೊಂದು ಅತಿಥಿಯ ವಿಷಯವನ್ನು ಮೊನ್ನೆ ಆಕೆಗೆ ಹೇಳಿದೆ: ಹೂಕೋಸಿನ ಮೊಸಾಯಿಕ್ ವೈರಸ್. ಇದು ತಗುಲಿದ ಗಿಡದ ಎಲೆಗಳಲ್ಲಿ ನರಗಳ ಗುಂಟ ಹಸುರು ಮಾಸುತ್ತದೆ. ಗಿಡದಿಂದ ಗಿಡಕ್ಕೆ ಒಯ್ಯುವುದು ಸಸ್ಯಹೇನು. ವಾಚಕರು ಗಾಬರಿಪಡಬೇಕಾಗಿಲ್ಲ, ಮನುಷ್ಯನಿಗೆ ಇದು ಅಂಟದು.

ಸಸ್ಯಗಳ ವೈರಸುಗಳಲ್ಲಿ ಬಹುಪಾಲು ಆರ್.ಎನ್.ಎ.ಯವು. ಡಿ.ಎನ್.ಎ. ಮೊದಲು ಕಂಡುಬಂದುದು ಇದರಲ್ಲಿಯೇ, 1968ರಲ್ಲಿ. ಉಂಗುರದಂತೆ ಕೂಡಿಕೊಂಡ ಅದರ ವಂಶಗ್ರಂಥದ ಉದ್ದ ಸುಮಾರು 8,000 ಅಕ್ಷರಗಳು. ಗ್ರಂಥವೇನೋ ತನ್ನದು, ಲಿಪಿಕಾರ ತನ್ನವನಲ್ಲ. ಕೋಸಿನ ಕೋಶಕೇಂದ್ರವನ್ನು ಹೊಕ್ಕು, ಗಿಡವು ತನ್ನ ವಂಶವಾಹಿಗಳ ನಕಲಿಗೆಂದು ಇಟ್ಟುಕೊಂಡ ಲಿಪಿಕಾರನಿಂದಲೇ ತನ್ನದನ್ನೂ ಬರೆಯಿಸುತ್ತದೆ. ಆತ ತೆಗೆಯುವುದು ಎರಡು ಬಗೆಯ ಆರ್.ಎನ್.ಎ. ಪ್ರತಿ: 19 ಎಸ್ ಎಂಬ ಕಿರಿದು, 35 ಎಸ್ ಎಂಬ ಹಿರಿದು. ಹಿರಿದು ಉಂಗುರವನ್ನು ಪೂರ್ತಿ ಸುತ್ತಿ, ಹೊರಟ ಸ್ಥಳವನ್ನೂ ತುಸು ದಾಟುತ್ತದೆ.

ಕೌತುಕವಿರುವುದು ಮುಂದೆ. ಗಿಡವು ತನ್ನ ಪ್ರತಿಗಳ ನಡುವಣ ಬೇಡದ ಭಾಗವನ್ನು ಕತ್ತರಿಸಿ ತುದಿಗಳನ್ನು ಬೆಸೆಯುವುದುಂಟು. ವೈರಸು ಆ ಕತ್ತರಿಯನ್ನೂ ಕಡ ತರುತ್ತದೆ! ಹಿರಿಯ ಪ್ರತಿಗಳಲ್ಲಿ ಕೆಲವು ಮೊದಲ ಪುಟಗಳಲ್ಲಿ ಒಂದಿಷ್ಟನ್ನು ಕಳೆದುಕೊಳ್ಳುತ್ತವೆ. ಆಗ ಹಿಂದೆ ಅಡಗಿದ್ದ ಪಾಠ ಓದಿಗೆ ದಕ್ಕುತ್ತದೆ. ಸಂಧಿಯನ್ನು ಸಲ್ಲದ ಕಡೆ ಬಿಡಿಸಿದರೆ ಅರ್ಥ ಕೆಡುವುದನ್ನು ಉತ್ತರಪತ್ರಿಕೆಗಳಲ್ಲಿ ವರ್ಷವರ್ಷವೂ ಕಾಣುವವನು ನಾನು. ವಿದ್ಯಾರ್ಥಿಗೆ ಹೋಗುವುದು ಎರಡು ಅಂಕ; ವೈರಸಿಗೆ ಪ್ರಾಣವೇ. ಬೆಸುಗೆಯ ಸ್ಥಾನದ ಅಕ್ಷರಗಳನ್ನು ಕೆಡಿಸಿದರೆ ಅದು ಗಿಡಕ್ಕೆ ತಗುಲಲಾರದೆಂದು 1995ರಲ್ಲಿ ಪ್ರಕಟವಾದ ಪ್ರಯೋಗಗಳು ತೋರಿಸಿದವು. ಹಾಗೆಂದು ಎಲ್ಲ ಪ್ರತಿಗಳನ್ನೂ ಕತ್ತರಿಸಿದರೂ ಕೇಡೇ. ಕತ್ತರಿ ಸೋಕದ ಪೂರ್ಣ ಪ್ರತಿಯಿಂದಲೇ, ಆರ್.ಎನ್.ಎ.ಯನ್ನು ಮರಳಿ ಡಿ.ಎನ್.ಎ.ಯಾಗಿ ಬರೆದು, ಮುಂದಿನ ಸಂತತಿಯ ಗ್ರಂಥ ಸಿದ್ಧವಾಗಬೇಕು. ಈ ತಿರುಗು ಬರವಣಿಗೆಗೆ ಮಾತ್ರ ವೈರಸಿಗೆ ಸ್ವಂತ ಲಿಪಿಕಾರನಿದ್ದಾನೆ.

35 ಎಸ್ ಪ್ರತಿಯನ್ನು ಎಲ್ಲಿಂದ ತೊಡಗಬೇಕೆಂದು ತೋರಿಸುವ ತುಣುಕಿಗೆ ಪ್ರಮೋಟರ್ ಎಂದು ಹೆಸರು. ಬೇರಿನಲ್ಲಾಗಲಿ ಎಲೆಯಲ್ಲಾಗಲಿ ಗಿಡದ ಲಿಪಿಕಾರ ಅದರ ಅಪ್ಪಣೆಯನ್ನು ಮೀರುವುದು ವಿರಳ. ವಿಜ್ಞಾನಿಗಳು ಬಿಟ್ಟಾರೆಯೇ? 2002ರಲ್ಲಿ ಭಾರತದಲ್ಲಿ ಅನುಮತಿ ಪಡೆದು ನಮ್ಮ ಧಾರವಾಡ, ಹಾವೇರಿಯ ಹೊಲಗಳಿಗೂ ಬಂದ ಬಿ.ಟಿ. ಹತ್ತಿಯಲ್ಲಿ, ಕಾಯಿಕೊರಕ ಹುಳುವನ್ನು ಕೊಲ್ಲುವ ವಂಶವಾಹಿಗೆ ಅಪ್ಪಣೆ ಕೊಡುತ್ತಿರುವುದು ಕೋಸಿನ ವೈರಸಿನಿಂದ ತೆಗೆದ ಈ ತುಣುಕೇ.

“ಕಳ್ಳನಿಂದ ಕದ್ದರೆ ಅದೂ ಕಳವೇ ಅಲ್ಲವೆ?” ಎಂದಳು ಮನೆಯಾಕೆ. ನಾನು ಉತ್ತರ ಹುಡುಕುವಷ್ಟರಲ್ಲಿ ಕೋಸು ಬೆಂದಿತ್ತು.