ಬೇಲಿಗೆ ಕರೆಂಟು ಬೇಡ: ಆನೆಯನ್ನೂ ಆಳನ್ನೂ ಕೊಲ್ಲುವುದು ಒಂದೇ ತಂತಿ

ಕಾಡಂಚಿನ ಊರುಗಳ ರೈತ ಬಂಧುಗಳೇ, ತೋಟದ ಮಾಲೀಕರೇ, ಕೂಲಿಗೆ ಹೋಗುವ ಅಣ್ಣತಮ್ಮಂದಿರೇ, ಅಕ್ಕತಂಗಿಯರೇ,

ಮುಸುಕಿನ ಜೋಳ ತೆನೆಗಟ್ಟಿ, ರಾಗಿ ಹಾಲುಗಾಳಾಗಿ, ಭತ್ತ ಬಾಗುವ ಹೊತ್ತಿಗೆ ನಮ್ಮ ಊರುಗಳಲ್ಲಿ ಯಾರಿಗೂ ನಿದ್ದೆ ಇರುವುದಿಲ್ಲ. ಅಟ್ಟಣೆ ಹತ್ತಿ ತಮಟೆ ಬಡಿದು, ಪಟಾಕಿ ಹೊಡೆದು, ಟಾರ್ಚು ಬಿಟ್ಟು ಬೆಳಗಿನತನಕ ಕಾಯಬೇಕು. ಒಂದು ಜಾವ ಕಣ್ಣು ಮುಚ್ಚಿದರೆ ಹಂದಿಯ ಹಿಂಡೋ ಒಂಟಿ ಸಲಗವೋ ಬಂದು ವರ್ಷದ ದುಡಿಮೆಯನ್ನು ನೆಲಸಮ ಮಾಡಿ ಹೋಗಿರುತ್ತದೆ. ಸಾಲ ಮಾತ್ರ ಹಾಗೇ ನಿಂತಿರುತ್ತದೆ. ಈ ಸಂಕಟ ಕಾಣದವರು ಬರೆದ ಕರಪತ್ರ ಇದಲ್ಲ.

ಆದರೆ ಇದೇ ಸಂಕಟದ ಹೆಸರಿನಲ್ಲಿ ಪಂಪ್‌ಸೆಟ್ಟಿನ ಲೈನಿನಿಂದ, ಮನೆಯ ಪ್ಲಗ್ಗಿನಿಂದ, ಹೊಲದ ಮೇಲೆ ಹಾಯ್ದ ತಂತಿಗೆ ಕೊಂಡಿ ಹಾಕಿ ಬೇಲಿಗೆ ನೇರ ಕರೆಂಟು ಬಿಡುವುದು ನಡೆಯುತ್ತಿದೆ. ಅದು ನಿಲ್ಲಬೇಕು. ನಾವು ಹೇಳುವುದು ಇಷ್ಟೇ: ನಿಮ್ಮ ಜೀವದ ಮೇಲೆ ಬಂದಾಗ ನೀವು ಎದುರು ನಿಂತು ಹೊಡೆದರೆ ಕಾನೂನು ನಿಮ್ಮ ಬೆನ್ನಿಗಿದೆ. ನೀವು ಮನೆಯಲ್ಲಿ ಮಲಗಿ, ನಿಮ್ಮ ಬದಲು ಕೊಲ್ಲಲು ಹೊಲದಲ್ಲಿ ಒಂದು ತಂತಿಯನ್ನು ನಿಲ್ಲಿಸಿದರೆ ಯಾವ ಕಾನೂನೂ ನಿಮ್ಮ ಕಡೆ ಇಲ್ಲ. ಸತ್ತದ್ದು ಹಂದಿಯಾಗಲಿ, ಆನೆಯಾಗಲಿ, ಪಕ್ಕದ ಹೊಲದವರಾಗಲಿ.

ಕಾನೂನು ಕೊಟ್ಟಿರುವ ಹಕ್ಕು ಎಷ್ಟು?

"ನಮ್ಮ ಜೀವ ಹೋದರೂ ಪ್ರಾಣಿಯನ್ನು ಮುಟ್ಟಬಾರದಂತೆ" ಎಂಬ ಮಾತು ಚಹಾ ಅಂಗಡಿಗಳಲ್ಲಿ ಕೇಳುತ್ತಲೇ ಇರುತ್ತೇವೆ. ಅದು ತಪ್ಪು. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ 11ನೇ ಸೆಕ್ಷನ್ ಓದಿ ನೋಡಿ. ತನ್ನ ಅಥವಾ ಇನ್ನೊಬ್ಬರ ಜೀವ ಉಳಿಸಲು ಒಳ್ಳೆಯ ಉದ್ದೇಶದಿಂದ ಕಾಡುಪ್ರಾಣಿಯನ್ನು ಕೊಂದರೆ ಅಥವಾ ಗಾಯಗೊಳಿಸಿದರೆ ಅದು ಅಪರಾಧವಲ್ಲ. ಸತ್ತ ಪ್ರಾಣಿ ಆನೆಯಾದರೂ ಹುಲಿಯಾದರೂ ಇದು ಅನ್ವಯಿಸುತ್ತದೆ. ಮನುಷ್ಯರ ಪ್ರಾಣಕ್ಕೆ ಅಪಾಯವಾದ ಆನೆಯನ್ನು ಹಿಡಿಸುವ, ಹಿಡಿಯಲು, ಅರಿವಳಿಕೆ ಕೊಡಲು, ಬೇರೆಡೆ ಸಾಗಿಸಲು ಆಗದೇ ಹೋದಾಗ ಕೊಲ್ಲಿಸುವ ಅಧಿಕಾರ ರಾಜ್ಯದ ಮುಖ್ಯ ವನ್ಯಜೀವಿ ಪರಿಪಾಲಕರಿಗೆ ಇದೆ.

ಆದರೆ ಆ ಸೆಕ್ಷನ್ ಹೇಳುವುದು ಜೀವದ ರಕ್ಷಣೆಯನ್ನು, ಬೆಳೆಯ ರಕ್ಷಣೆಯನ್ನಲ್ಲ. ಬೆಳೆಗೆ ಹಾನಿ ಮಾಡುವ ಹಂದಿಯಂಥ ಪ್ರಾಣಿಯ ವಿಚಾರದಲ್ಲೂ ಮೊದಲು ಲಿಖಿತ ಅನುಮತಿ ಬೇಕು. ರಾತ್ರಿಯಿಡೀ ಉರಿಯುವ ತಂತಿಗೆ ಮುಂದೆ ಬಂದದ್ದು ಯಾವ ಪ್ರಾಣಿ, ಅದು ಮೈಮೇಲೆ ಬೀಳಲು ಬಂತೋ ದಾರಿ ಹಿಡಿದು ಹೋಗುತ್ತಿತ್ತೋ ತಿಳಿಯುವುದಿಲ್ಲ. ತಂತಿ ಕಟ್ಟಿದವರು ಅಲ್ಲಿ ಇರುವುದೇ ಇಲ್ಲ. ಹಾಗಿರುವಾಗ ನ್ಯಾಯಾಲಯದಲ್ಲಿ "ಜೀವ ಉಳಿಸಿಕೊಂಡೆ" ಎನ್ನುವುದಾದರೂ ಹೇಗೆ?

ಮನುಷ್ಯರ ವಿಷಯದಲ್ಲೂ ಕಾನೂನಿನ ಧೋರಣೆ ಇದೇ. ಆಸ್ತಿ ಕಾಯುವ ಹಕ್ಕನ್ನು ಭಾರತೀಯ ನ್ಯಾಯ ಸಂಹಿತೆ ಒಪ್ಪುತ್ತದೆ, ಆದರೆ ಆ ಹಕ್ಕು ಕೊಲ್ಲುವ ಮಟ್ಟಕ್ಕೆ ಹೋಗಲು ದರೋಡೆ, ರಾತ್ರಿ ಮನೆ ಮುರಿಯುವುದು, ಮನೆಗೆ ಬೆಂಕಿ ಇಡುವುದು ಇಂಥ ಘೋರ ಸಂದರ್ಭವೇ ಬೇಕು. ಎರಡು ಎಳನೀರು ಕಿತ್ತವನು, ಬದುವಿನ ಹುಲ್ಲು ಕೊಯ್ಯಲು ಬಂದವಳು ಆ ಪಟ್ಟಿಯಲ್ಲಿ ಬರುವುದಿಲ್ಲ.

1963ರಲ್ಲಿ ಸುಪ್ರೀಂ ಕೋರ್ಟಿನ ಮುಂದೆ ಬಿಹಾರದ ಒಂದು ಪ್ರಕರಣ ಬಂತು. ನೆರೆಮನೆಯವರ ಶೌಚಾಲಯದ ಗೋಡೆ ಬಿದ್ದಿದ್ದರಿಂದ ಅವರು ಪಕ್ಕದವನ ಶೌಚಾಲಯ ಬಳಸತೊಡಗಿದ್ದರು. ಬೇಡವೆಂದರೂ ಕೇಳಲಿಲ್ಲವೆಂದು ಅವನು ದಾರಿಗೆ ಅಡ್ಡ ಬರಿಯ ತಾಮ್ರದ ತಂತಿ ಕಟ್ಟಿ ಮನೆಯ ಕರೆಂಟು ಬಿಟ್ಟ. ಒಬ್ಬ ಹೆಂಗಸು ಮುಟ್ಟಿ ಸತ್ತಳು. ನನ್ನ ಜಾಗಕ್ಕೆ ಅವರೇ ಅಕ್ರಮವಾಗಿ ಬಂದರು ಎಂಬ ವಾದವನ್ನು ಕೋರ್ಟು ಒಪ್ಪಲಿಲ್ಲ, ಶಿಕ್ಷೆಯನ್ನು ಎತ್ತಿಹಿಡಿಯಿತು. ಅಪ್ಪಣೆ ಇಲ್ಲದೆ ಒಳಗೆ ಬಂದ ಮಾತ್ರಕ್ಕೆ ಯಾರೂ ಕಾನೂನಿನ ರಕ್ಷಣೆ ಕಳೆದುಕೊಳ್ಳುವುದಿಲ್ಲ ಎಂಬುದು ಅರವತ್ತು ವರ್ಷಗಳ ಹಿಂದೆಯೇ ತೀರ್ಮಾನವಾದ ಸಂಗತಿ.

ಒಂದು ತಂತಿ, ಎಷ್ಟು ಕೇಸು?

• ಆನೆ, ಹುಲಿ, ಚಿರತೆ, ಕಾಟಿ ಸತ್ತರೆ: ಇವು ವನ್ಯಜೀವಿ ಕಾಯ್ದೆಯ ಅನುಸೂಚಿ 1ರ ಪ್ರಾಣಿಗಳು. 2022ರ ತಿದ್ದುಪಡಿಯ ನಂತರ ಕನಿಷ್ಠ 3 ವರ್ಷ, ಗರಿಷ್ಠ 7 ವರ್ಷ ಸೆರೆ, ಜೊತೆಗೆ 25,000 ರೂಪಾಯಿಗೆ ಕಡಿಮೆಯಿಲ್ಲದ ದಂಡ.

• ಕಾಡುಹಂದಿ ಸತ್ತರೆ: ಇದು ಅನುಸೂಚಿ 2ರಲ್ಲಿದೆ. 3 ವರ್ಷದವರೆಗೆ ಸೆರೆ, ಅಥವಾ 1 ಲಕ್ಷದವರೆಗೆ ದಂಡ, ಅಥವಾ ಎರಡೂ.

• ಪಕ್ಕದ ಮನೆಯ ಹಸು, ಎತ್ತು, ನಾಯಿ ಸತ್ತರೆ: ನ್ಯಾಯ ಸಂಹಿತೆಯ 325ನೇ ಸೆಕ್ಷನ್ ಪ್ರಕಾರ 5 ವರ್ಷದವರೆಗೆ ಸೆರೆಗೆ ದಾರಿಯಾಗಬಹುದು.

• ಮನುಷ್ಯರು ಸತ್ತರೆ: ನಿರ್ಲಕ್ಷ್ಯದ ಸಾವು ಎಂದರೆ 106ನೇ ಸೆಕ್ಷನ್, 5 ವರ್ಷದವರೆಗೆ ಸೆರೆ. ಸಾವು ಬರಬಹುದೆಂದು ಗೊತ್ತಿದ್ದೂ ಮಾಡಿದ್ದು ಎಂದಾದರೆ 105ನೇ ಸೆಕ್ಷನ್, 10 ವರ್ಷದವರೆಗೆ.

• ಯಾರೂ ಸಾಯದಿದ್ದರೂ: ಲೈನಿಗೆ ಕೊಂಡಿ ಹಾಕಿದ್ದೇ 2003ರ ವಿದ್ಯುತ್ ಕಾಯ್ದೆಯ ಪ್ರಕಾರ ಕಳ್ಳತನ. 3 ವರ್ಷದವರೆಗೆ ಸೆರೆ ಅಥವಾ ದಂಡ.

ಒಂದು ಎಕರೆ ಜೋಳದ ಬೆಲೆಯನ್ನು ಈ ಪಟ್ಟಿಯ ಪಕ್ಕ ಬರೆದು ನೋಡಿ.

"ಆನೆಗಿಂತ ಮನುಷ್ಯ ಅಗ್ಗವೇ?"

ಈ ಪಟ್ಟಿ ನೋಡಿದವರು ಸಿಟ್ಟಿನಿಂದ ಒಂದು ಪ್ರಶ್ನೆ ಕೇಳುತ್ತಾರೆ. ಆನೆ ಸತ್ತರೆ ಕನಿಷ್ಠ 3 ವರ್ಷ, ಮನುಷ್ಯ ನಿರ್ಲಕ್ಷ್ಯದಿಂದ ಸತ್ತರೆ ಕನಿಷ್ಠ ಶಿಕ್ಷೆಯೇ ಇಲ್ಲ, ಇದೆಂಥ ನ್ಯಾಯ? ಪ್ರಶ್ನೆ ಸರಿಯಾಗಿದೆ. ಅದಕ್ಕೆ ಉತ್ತರ ಆನೆಯ ಶಿಕ್ಷೆಯನ್ನು ಇಳಿಸುವುದರಲ್ಲಿ ಇಲ್ಲ. ಬೇಲಿಯ ತಂತಿಗೆ 230 ವೋಲ್ಟ್ ಬಿಟ್ಟರೆ ಮುಟ್ಟಿದವರು ಸಾಯಬಹುದು ಎಂದು ಗೊತ್ತಿಲ್ಲದವರು ಯಾವ ಊರಿನಲ್ಲಿದ್ದಾರೆ? ಗೊತ್ತಿದ್ದೇ ಬಿಟ್ಟದ್ದು, ಪ್ರಾಣಿ ಸಾಯಲಿ ಎಂದೇ ಬಿಟ್ಟದ್ದು. ಅದನ್ನು ಕೈತಪ್ಪಿನಿಂದಾದ ಅವಘಡವೆಂದು ಬರೆದುಕೊಳ್ಳುವುದು ಸತ್ತವರಿಗೆ ಮಾಡುವ ಅನ್ಯಾಯ. ಬೇಲಿಯ ಕರೆಂಟಿನಿಂದ ಮನುಷ್ಯರು ಸತ್ತ ಪ್ರತಿ ಪ್ರಕರಣದಲ್ಲಿಯೂ ಪೊಲೀಸರು 105ನೇ ಸೆಕ್ಷನ್ ಪರಿಶೀಲಿಸಲೇಬೇಕು ಎಂಬುದು ನಮ್ಮ ಒತ್ತಾಯ. ಊರಿನ ಹಿರಿಯರು ಸೇರಿ, ಸತ್ತ ಕೂಲಿಯವನ ಮನೆಯವರ ಕೈಗೆ ಒಂದಿಷ್ಟು ದುಡ್ಡು ಕೊಟ್ಟು ರಾಜಿ ಮಾಡಿಸುವ ಪದ್ಧತಿಯೂ ಕೊನೆಯಾಗಬೇಕು. ಹಾಗಾದಾಗ ಮನುಷ್ಯ ಅಗ್ಗ ಎಂಬ ಮಾತು ತಾನಾಗಿ ಹೋಗುತ್ತದೆ.

ಇನ್ನೊಂದು ಮಾತು: "ಆನೆ ಮನುಷ್ಯನನ್ನು ಕೊಂದರೆ ಜೈಲಿಗೆ ಹೋಗುವವರು ಯಾರು?" ಯಾರೂ ಹೋಗುವುದಿಲ್ಲ, ನಿಜ. ಪ್ರಾಣಿಗೆ ಕಾನೂನು ಗೊತ್ತಿಲ್ಲ. ಹಾಗೆಂದೇ ಸಾವಿನ ಹೊಣೆಯನ್ನು ಸರ್ಕಾರ ಹೊರಬೇಕು. ಕಾಡುಪ್ರಾಣಿಯಿಂದ ಸತ್ತವರ ಕುಟುಂಬಕ್ಕೆ ಕೊಡುವ ಪರಿಹಾರವನ್ನು ರಾಜ್ಯ ಸರ್ಕಾರ 2022ರ ಕೊನೆಯಲ್ಲಿ 7.5 ಲಕ್ಷದಿಂದ 15 ಲಕ್ಷ ರೂಪಾಯಿಗೆ ಏರಿಸಿದ್ದು ಆ ಹೊಣೆಯನ್ನು ಒಪ್ಪಿಕೊಂಡೇ. ನೆರೆಯವನ ಕಳ್ಳ ಲೈನಿಗೆ ಸಿಕ್ಕಿ ಸತ್ತವರ ಹೆಂಡತಿ ಮಕ್ಕಳು ಅಂಥ ಪರಿಹಾರಕ್ಕೆ ಯಾರ ಬಾಗಿಲು ತಟ್ಟಬೇಕು?

ಫ್ಯೂಸ್ ಹೋಗುತ್ತದೆ ಎಂದು ನಂಬಬೇಡಿ

ಮೈಯೊಳಗೆ ಹತ್ತು ಹದಿನೈದು ಮಿಲಿಆಂಪಿಯರ್ ಹರಿದರೆ ಸ್ನಾಯು ಬಿಗಿದು, ಹಿಡಿದ ತಂತಿಯನ್ನು ಬಿಡಲಾಗುವುದಿಲ್ಲ. ಸುಮಾರು ನೂರು ಮಿಲಿಆಂಪಿಯರ್ ಎದೆಯ ಮೂಲಕ ಹಾದರೆ ಹೃದಯ ಲಯ ತಪ್ಪುತ್ತದೆ. ನೂರು ಮಿಲಿಆಂಪಿಯರ್ ಎಂದರೆ ಒಂದು ಆಂಪಿಯರಿನ ಹತ್ತನೇ ಒಂದು ಪಾಲು. ಪಂಪ್‌ಸೆಟ್ಟಿನ ಫ್ಯೂಸ್ ಹೋಗಲು ಹಲವು ಆಂಪಿಯರ್ ಬೇಕು. ಮನುಷ್ಯ ಸತ್ತು ಬಿದ್ದರೂ ಫ್ಯೂಸಿಗೆ ಸುದ್ದಿಯೇ ಮುಟ್ಟಿರುವುದಿಲ್ಲ. ಇಬ್ಬನಿ ಬಿದ್ದ ಹುಲ್ಲು, ಒದ್ದೆ ಮಣ್ಣು, ಬರಿಗಾಲು ಸೇರಿದರೆ ಕೇಳುವುದೇ ಬೇಡ.

ಅನುಮತಿ ಪಡೆದ ಸೋಲಾರ್ ಬೇಲಿ, ನಮ್ಮ ಕಡೆ ಐಬೆಕ್ಸ್ ಎನ್ನುವುದು, ಬೇರೆಯೇ ಬಗೆ. ಅದರ ಯಂತ್ರ ಸೆಕೆಂಡಿಗೆ ಒಂದು ಸಲದಂತೆ ಕ್ಷಣಮಾತ್ರದ ಹೊಡೆತ ಕೊಡುತ್ತದೆ. ನಡುವಿನ ಬಿಡುವಿನಲ್ಲಿ ಪ್ರಾಣಿ ಬೆಚ್ಚಿ ಹಿಂದೆ ಸರಿಯುತ್ತದೆ, ಮನುಷ್ಯ ಕೈ ಬಿಡಿಸಿಕೊಳ್ಳುತ್ತಾನೆ. ವೋಲ್ಟೇಜು ಸಾವಿರಗಟ್ಟಲೆ ಇದ್ದರೂ ಹೊಡೆತದ ಅವಧಿ ತೀರಾ ಕಡಿಮೆ ಆದ್ದರಿಂದ ಅದು ಹೆದರಿಸುತ್ತದೆ, ಕೊಲ್ಲುವುದಿಲ್ಲ. ಬ್ಯಾಟರಿ ಕೆಟ್ಟಿತೆಂದು ಅದೇ ತಂತಿಗೆ ಮನೆಯ ಲೈನು ಜೋಡಿಸಿದ ಕ್ಷಣ ಅದು ಸೋಲಾರ್ ಬೇಲಿಯಾಗಿ ಉಳಿಯುವುದಿಲ್ಲ. 2024ರ ಜೂನ್‌ನಲ್ಲಿ ನಾಗರಹೊಳೆಯ ಭೀಮನಕಟ್ಟೆಯಲ್ಲಿ ದಸರಾ ಆನೆ ಅಶ್ವತ್ಥಾಮ ಸತ್ತದ್ದು ಸೋಲಾರ್ ಬೇಲಿಯ ತಂತಿಯಲ್ಲಿ ಲೈನಿನ ವಿದ್ಯುತ್ ಹರಿದದ್ದರಿಂದ. ಮಾವುತರ ಮಾತು ಕೇಳಿ ಮೈಸೂರಿನ ಬೀದಿಯಲ್ಲಿ ಜನರ ನಡುವೆ ನಡೆದ ಸಾಕಾನೆ ಅದು.

ದೇಶದ ಲೆಕ್ಕವೂ ಇದನ್ನೇ ಹೇಳುತ್ತದೆ. ಐದು ವರ್ಷಗಳಲ್ಲಿ ಅಸಹಜವಾಗಿ ಸತ್ತ 528 ಆನೆಗಳಲ್ಲಿ 392 ವಿದ್ಯುತ್ತಿನಿಂದ ಸತ್ತವು ಎಂದು ಕೇಂದ್ರ ಸರ್ಕಾರ 2024ರಲ್ಲಿ ಸಂಸತ್ತಿಗೆ ತಿಳಿಸಿತು. ರೈಲಿಗೆ ಸಿಕ್ಕವು 73, ಬೇಟೆಗೆ ಬಲಿಯಾದವು 50, ವಿಷಕ್ಕೆ 13. ದಂತಚೋರರು ಕೊಂದದ್ದಕ್ಕಿಂತ ಎಷ್ಟೋ ಪಾಲು ಹೆಚ್ಚು ಆನೆಗಳನ್ನು ತಂತಿ ಕೊಂದಿದೆ. 2023ರ ಗಣತಿಯಲ್ಲಿ 6,395 ಆನೆಗಳು ಕಂಡ, ದೇಶದಲ್ಲೇ ಹೆಚ್ಚು ಆನೆಗಳಿರುವ ನಮ್ಮ ರಾಜ್ಯಕ್ಕೆ ಇದು ದೂರದ ಸುದ್ದಿಯಲ್ಲ.

ತಂತಿಗೆ ಹೇಳಿದ ಮಾತು ಉರುಳಿಗೂ ಸಿಡಿಮದ್ದಿನ ಉಂಡೆಗೂ ವಿಷಕ್ಕೂ ಸಲ್ಲುತ್ತದೆ. 2025ರ ಜೂನ್‌ನಲ್ಲಿ ಮಲೆ ಮಹದೇಶ್ವರ ಬೆಟ್ಟದ ಕಾಡಿನಲ್ಲಿ ಹಸುವಿನ ಕಳೇಬರಕ್ಕೆ ಹಾಕಿದ ವಿಷದಿಂದ ಒಂದು ತಾಯಿ ಹುಲಿ ಮತ್ತು ನಾಲ್ಕು ಮರಿಗಳು ಸತ್ತವು. ಹಸು ಕಳೆದುಕೊಂಡ ಸಿಟ್ಟು ನಮಗೆ ಅರ್ಥವಾಗುತ್ತದೆ. ಆದರೆ ಹಸುವಿಗೆ ಪರಿಹಾರ ಕೇಳಬಹುದಿತ್ತು. ಇಟ್ಟ ವಿಷಕ್ಕೆ ಉಳಿದದ್ದು ಬಂಧನ ಮತ್ತು ಕೋರ್ಟಿನ ಅಲೆದಾಟ.

ತಂತಿಗೆ ಮೊದಲು ಸಿಗುವವರು ಯಾರು?

ಹೊಲಕ್ಕೆ ಮೂರು ಫೇಸ್ ಕರೆಂಟು ರಾತ್ರಿ ಪಾಳಿಯಲ್ಲಿ ಬಂದರೆ, ಮೋಟಾರು ಹಾಕಲು ಕತ್ತಲಲ್ಲಿ ಬದು ದಾಟುವವರು ನಾವೇ. ಕರೆಂಟು ಹೋಗಿದೆ ಎಂದು ತಂತಿ ಸರಿಪಡಿಸಲು ಕೈಹಾಕಿದಾಗ ಕರೆಂಟು ಬರುತ್ತದೆ. ಬೆಳಿಗ್ಗೆ ಸ್ವಿಚ್ ತೆಗೆಯಲು ಮರೆತ ದಿನ ಶಾಲೆಗೆ ಹೊರಟ ಮಗು ಅಡ್ಡದಾರಿ ಹಿಡಿಯುತ್ತದೆ. ಲೈನ್‌ಮ್ಯಾನ್, ಹಾಲು ಹಾಕಲು ಹೊರಟವರು, ಸೌದೆ ತರುವ ಹೆಂಗಸರು, ಹಾಡಿಯ ಜನ, ಕಾವಲಿನ ಅರಣ್ಯ ಸಿಬ್ಬಂದಿ ಓಡಾಡುವುದು ಇದೇ ಹಾದಿಯಲ್ಲಿ. ಬೇಲಿ ಎದ್ದು ಹೊಲ ಮೇಯುವ ಗಾದೆ ಹಳೆಯದಾಯಿತು. ಈಗ ಬೇಲಿ ಹೊಲದ ಒಡೆಯನನ್ನೇ ಹಿಡಿಯುತ್ತಿದೆ.

ಸರ್ಕಾರಕ್ಕೆ ನಮ್ಮ ಬೇಡಿಕೆ

ರೈತನಿಗೆ ಕಾನೂನು ಹೇಳುವ ಸರ್ಕಾರ ತನ್ನ ಪಾಲಿನ ಕೆಲಸ ಮಾಡದಿದ್ದರೆ ಆ ಕಾನೂನಿಗೆ ಊರಿನಲ್ಲಿ ಬೆಲೆ ಇರುವುದಿಲ್ಲ. ಆದ್ದರಿಂದ:

1. ಬೆಳೆ ಪರಿಹಾರವನ್ನು ಇ-ಪರಿಹಾರದಲ್ಲಿ ಅರ್ಜಿ ಹಾಕಿದ ಮೇಲೆ ಗೊತ್ತಾದ ಗಡುವಿನೊಳಗೆ, ಅಂದಿನ ಮಾರುಕಟ್ಟೆ ದರದಲ್ಲಿ ಕೊಡಬೇಕು. ಮುಂದಿನ ಬಿತ್ತನೆ ಮುಗಿದ ಮೇಲೆ ಬರುವ ದುಡ್ಡು ಪರಿಹಾರವಲ್ಲ.

2. ಕಾಡಂಚಿನ ಊರುಗಳ ಪಂಪ್‌ಸೆಟ್ಟುಗಳಿಗೆ ಹಗಲು ಹೊತ್ತಿನಲ್ಲೇ ಮೂರು ಫೇಸ್ ಕರೆಂಟು ಕೊಡಬೇಕು.

3. ಜೋತುಬಿದ್ದ ಲೈನು, ವಾಲಿದ ಕಂಬಗಳನ್ನು ಕೊಯ್ಲಿನ ಕಾಲಕ್ಕೆ ಮೊದಲು ವಿದ್ಯುತ್ ಕಂಪನಿ ಮತ್ತು ಅರಣ್ಯ ಇಲಾಖೆ ಒಟ್ಟಾಗಿ ನೋಡಿ ಸರಿಪಡಿಸಬೇಕು. ಅವರ ಲೈನಿಗೆ ಆನೆ ಸತ್ತರೆ ಹೊಣೆ ಅವರದೇ.

4. ಆನೆ ಕಂದಕ, ರೈಲು ಹಳಿಯ ಬೇಲಿ, ಸೋಲಾರ್ ಬೇಲಿ ಹಾಕಿ ಬಿಟ್ಟರೆ ಸಾಲದು. ಮುಚ್ಚಿದ ಕಂದಕ, ಬಳ್ಳಿ ಹಬ್ಬಿದ ತಂತಿ ಇದ್ದೂ ಇಲ್ಲದಂತೆ. ನಿರ್ವಹಣೆಗೆ ಊರಿನ ಯುವಕರನ್ನೇ ಸಂಬಳ ಕೊಟ್ಟು ಇಡಬೇಕು.

5. ಸೋಲಾರ್ ಬೇಲಿಯ ಸಹಾಯಧನ ಒಂದೆರಡು ಎಕರೆಯ ರೈತರಿಗೆ ಮೊದಲು ಸಿಗಬೇಕು. ನೇರ ಕರೆಂಟಿಗೆ ಕೈಹಾಕುವುದು ಬೇರೆ ಬೇಲಿಗೆ ಗತಿ ಇಲ್ಲದವರು.

ಈ ಬೇಡಿಕೆ ಈಡೇರುವ ತನಕ ತಂತಿ ಇರಲಿ ಎಂದು ನಾವು ಹೇಳುತ್ತಿಲ್ಲ. ಸರ್ಕಾರದ ತಪ್ಪಿಗೆ ಪಕ್ಕದ ಹೊಲದವರ ಜೀವ ಈಡಾಗಬಾರದು.

ಇನ್ನು ನಮ್ಮ ಕೆಲಸ

ಮುಂದಿನ ಗ್ರಾಮಸಭೆಯಲ್ಲಿ ಈ ಠರಾವನ್ನು ಓದಿ, ನಡಾವಳಿ ಪುಸ್ತಕದಲ್ಲಿ ಬರೆಸಿ:

"ನಮ್ಮ ಗ್ರಾಮದ ಎಲ್ಲೆಯಲ್ಲಿ ಯಾವ ಬೇಲಿಗೂ ನೇರ ವಿದ್ಯುತ್ ಹರಿಸುವುದಿಲ್ಲ. ಹರಿಸಿದ್ದು ಕಂಡರೆ ಮೊದಲು ಮಾಲೀಕರಿಗೆ ಹೇಳಿ ಅಂದೇ ತೆಗೆಸುತ್ತೇವೆ. ತೆಗೆಯದಿದ್ದರೆ ವಿದ್ಯುತ್ ಕಂಪನಿಗೂ ಅರಣ್ಯ ಇಲಾಖೆಗೂ ತಿಳಿಸುತ್ತೇವೆ. ತಂತಿಯಿಂದ ಸಾವಾದರೆ ಊರಿನಲ್ಲಿ ರಾಜಿ ಮಾಡಿಸುವುದಿಲ್ಲ."

ಜೋತುಬಿದ್ದ ಲೈನು, ಕರೆಂಟು ಬಿಟ್ಟ ಬೇಲಿ ಕಂಡರೆ ವಿದ್ಯುತ್ ಸಹಾಯವಾಣಿ 1912. ಕಾಡುಪ್ರಾಣಿ ಊರಿಗೆ ಬಂದರೆ, ಗಾಯಗೊಂಡಿದ್ದರೆ ಅರಣ್ಯ ಸಹಾಯವಾಣಿ 1926. ಮನುಷ್ಯರ ಜೀವಕ್ಕೆ ಅಪಾಯವಾದರೆ 112. ತಂತಿಗೆ ಸಿಕ್ಕಿಕೊಂಡವರನ್ನು ಕೈಯಿಂದ ಎಳೆಯಬೇಡಿ, ಮೊದಲು ಕರೆಂಟು ತೆಗೆಸಿ.

ಓದಿದ ಮೇಲೆ ಈ ಹಾಳೆಯನ್ನು ಪಕ್ಕದ ಹೊಲದವರಿಗೆ ಕೊಡಿ. ಓದು ಬಾರದವರಿಗೆ ಓದಿ ಹೇಳಿ.

— ಕಾಡಂಚಿನ ಊರುಗಳ ಕೆಲವು ರೈತರು