ಪುರಾಣದ ಬದನೆಕಾಯಿಗೆ ಬ್ರೆಡ್ ಕ್ರಂಬ್ಸ್, ತಿನ್ನೋ ಬದನೆಕಾಯಿಗೆ ರವೆ

ಪುರಾಣ ಹೇಳೋಕೆ, ಬದನೆಕಾಯಿ ತಿನ್ನೋಕೆ. ಗಾದೆ ಎಲ್ಲರಿಗೂ ಗೊತ್ತು. ಬದನೆಕಾಯಿ ತಿನ್ನಬಾರದು ಅಂತ ಊರಿಗೆಲ್ಲ ಪುರಾಣ ಹೇಳಿ ಮನೆಗೆ ಬಂದ ಶಾಸ್ತ್ರಿಗಳು, ಅದನ್ನೇ ನಂಬಿ ಹೆಂಡತಿ ಬದನೆಕಾಯಿ ಹುಳಿ ಮಾಡಿಲ್ಲ ಅಂತ ಗೊತ್ತಾದಾಗ, "ಅದು ಪುರಾಣದ ಬದನೆಕಾಯಿ ಕಣೇ, ಇದು ತಿನ್ನೋ ಬದನೆಕಾಯಿ" ಅಂದರಂತೆ. ಪಾಪ, ಶಾಸ್ತ್ರಿಗಳನ್ನು ಎಲ್ಲರೂ ಗೇಲಿ ಮಾಡ್ತಾರೆ. ನನಗೇನೋ ಅವರ ಮಾತಿನಲ್ಲಿ ಭಾರಿ ಸತ್ಯ ಇದೆ ಅನ್ಸುತ್ತೆ :-)

ಇಂಟರ್ನೆಟ್ಟಿನಲ್ಲಿ ಗರಿಗರಿ ಎಗ್‌ಪ್ಲಾಂಟ್ ಫ್ರೈ ಅಂತ ಹುಡುಕಿ ನೋಡಿ. ಬರೋದೆಲ್ಲ ಪುರಾಣದ ಬದನೆಕಾಯಿಯೇ. ದುಂಡಗೆ ಹೆಚ್ಚಿ, ಉಪ್ಪು ಹಾಕಿ ಕಹಿ ಇಳಿಸಿ, ನೀರು ಒರೆಸಿ, ಮೈದಾದಲ್ಲಿ ಹೊರಳಿಸಿ, ಮೊಟ್ಟೆಯಲ್ಲಿ ಅದ್ದಿ, ಬ್ರೆಡ್ ಕ್ರಂಬ್ಸ್ ಮೆತ್ತಿ, ಬಾಣಲೆ ತುಂಬ ಎಣ್ಣೆಗೆ ಬಿಡಿ. ಮೂರು ತಟ್ಟೆ, ಎರಡೂ ಕೈಗೆ ಅಂಟಿದ ಹಿಟ್ಟು, ಆಮೇಲೆ ತೊಳೆಯೋಕೆ ರಾಶಿ ಪಾತ್ರೆ. ನಮ್ಮ ಫಾರ್ಮಿಂಗ್ಟನ್ ಹಿಲ್ಸಿನ ಹುಡುಗ ಹುಡುಗಿಯರು ಇದನ್ನು ಓದಿ ಸುಸ್ತಾಗಿ, ಫ್ರೀಜರ್ ಸೆಕ್ಷನ್ನಿನಿಂದ ರೆಡಿ ಡಬ್ಬ ತಂದುಬಿಡ್ತಾರೆ. ನನ್ನ ವಾದ ಇಷ್ಟೇ: ಗರಿಗರಿ ಬದನೆಕಾಯಿಗೆ ಮೊಟ್ಟೆಯೂ ಬೇಡ, ಬ್ರೆಡ್ಡೂ ಬೇಡ. ಕರಾವಳಿಯವರ ರವೆ ಫ್ರೈ ಈ ಕೆಲಸವನ್ನು ಇನ್ನೂ ಚೆನ್ನಾಗಿ ಮಾಡುತ್ತೆ. ಇದು ಬರೀ ಊರಿನ ಅಭಿಮಾನ ಅಲ್ಲ, ಕಾರಣ ಇದೆ.

ಮೊದಲು ಕಹಿಯ ವಿಷಯ ಮುಗಿಸಿಬಿಡೋಣ. ಕಹಿ ಹೋಗಲಿ ಅಂತ ಉಪ್ಪು ಹಾಕೋ ಕಾಲ ಹೋಯ್ತು. ಈಗ ಅಂಗಡಿಗೆ ಬರೋ ತಳಿಗಳಲ್ಲಿ ಹೆಚ್ಚಿನವು ಕಹಿ ಕಮ್ಮಿ ಇರೋ ಹಾಗೇ ಬೆಳೆಸಿದಂಥವು. ಉಪ್ಪಿನ ನಿಜವಾದ ಕೆಲಸ ಬೇರೆ. ಬದನೆಕಾಯಿಯಲ್ಲಿ ನೂರಕ್ಕೆ 90ಕ್ಕಿಂತ ಹೆಚ್ಚು ನೀರು, ಆದರೆ ಒಳಗಿನ ರಚನೆ ಮಾತ್ರ ಸ್ಪಂಜಿನದು, ತುಂಬ ಗಾಳಿಯ ಗೂಡುಗಳು. ಎಣ್ಣೆಗೆ ಹಾಕಿದ ತಕ್ಷಣ ಆ ಗೂಡುಗಳು ಎಣ್ಣೆ ಕುಡಿಯುತ್ತವೆ. ಉಪ್ಪು ಹಚ್ಚಿಟ್ಟರೆ ನೀರು ಹೊರಗೆ ಬಂದು ಸ್ಪಂಜು ಕುಸಿಯುತ್ತೆ, ಎಣ್ಣೆ ಕುಡಿಯೋ ಜಾಗ ಕಮ್ಮಿ ಆಗುತ್ತೆ. ಅಷ್ಟೇ.

ಈಗ ತಮಾಷೆ ನೋಡಿ. ಅಮೆರಿಕನ್ ರೆಸಿಪಿ ಆ ನೀರನ್ನು ಒರೆಸಿ ಎಸೆಯುತ್ತೆ. ಆಮೇಲೆ ಕ್ರಂಬ್ಸ್ ಅಂಟೋಕೆ ಅಂಟು ಬೇಕಲ್ಲ ಅಂತ ಮೊಟ್ಟೆ ಒಡೆಯುತ್ತೆ! ರವೆ ಫ್ರೈ ಮಾಡೋರು ಉಪ್ಪಿನ ಜೊತೆಗೇ ಖಾರದ ಪುಡಿ, ಅರಿಶಿನ, ಇಂಗು, ಚೂರು ಹುಣಸೆರಸ ಸವರಿಟ್ಟುಬಿಡ್ತಾರೆ. ಹತ್ತು ಹದಿನೈದು ನಿಮಿಷದಲ್ಲಿ ಬದನೆಕಾಯಿ ತಾನೇ ಬೆವರುತ್ತೆ. ಆ ನೀರಲ್ಲಿ ಮಸಾಲೆ ಕಲೆತು ಪೇಸ್ಟ್ ಆಗುತ್ತೆ. ಅದೇ ಅಂಟು. ಅದರ ಮೇಲೆ ರವೆ ಒತ್ತಿದರೆ ಕಚ್ಚಿಕೊಂಡು ಕೂರುತ್ತೆ. ಒಂದು ಕಲ್ಲಿಗೆ ಎರಡಲ್ಲ, ಮೂರು ಹಕ್ಕಿ: ರುಚಿ ಒಳಗೆ ಹೋಯ್ತು, ಸ್ಪಂಜು ಕುಸೀತು, ಅಂಟೂ ಸಿಕ್ತು.

ಎರಡನೇ ಕಾರಣ ಟೈಮಿಂಗು. ಬ್ರೆಡ್ ಕ್ರಂಬ್ಸ್ ಅಂದರೆ ಆಗಲೇ ಬೆಂದಿರೋ ಪದಾರ್ಥ, ಬಿಸಿ ಎಣ್ಣೆ ತಾಕಿದರೆ ಬೇಗ ಕೆಂಪಾಗುತ್ತೆ. ಬದನೆಕಾಯಿ ಒಳಗೆ ಬೆಣ್ಣೆ ಹಾಗೆ ಆಗೋಕೆ ಇನ್ನೂ ಟೈಮ್ ಬೇಕು. ಅದಕ್ಕೇ ಎಷ್ಟೋ ಕಡೆ ಮೇಲೆ ಕಂದು, ಒಳಗೆ ರಬ್ಬರ್ ಸಿಗೋದು. ರವೆ ಹಸಿ ಧಾನ್ಯ, ಹದವಾದ ಉರಿಯಲ್ಲಿ ಒಂದೊಂದು ಬದಿಗೆ ನಾಲ್ಕೈದು ನಿಮಿಷ ತಗೊಳ್ಳುತ್ತೆ. ಅರ್ಧ ಇಂಚಿಗಿಂತ ಚೂರು ತೆಳ್ಳಗಿನ ಬಿಲ್ಲೆ ಬೇಯೋಕೂ ಅಷ್ಟೇ ಹೊತ್ತು ಬೇಕು. ಎರಡು ಥ್ರೆಡ್ಡೂ ಒಟ್ಟಿಗೇ ಮುಗಿಯುತ್ತವೆ, ಒಂದಕ್ಕಾಗಿ ಇನ್ನೊಂದು ಕಾಯೋ ಹಾಗಿಲ್ಲ. (ಹೊಟ್ಟೆಪಾಡಿನ ಭಾಷೆ, ಕ್ಷಮಿಸಿ!)

ಇದು ನಮ್ಮ ಕಡೆ ಹೊಸದೇನೂ ಅಲ್ಲ. ಮಂಗಳೂರು, ಉಡುಪಿ, ಕಾರವಾರದ ಕೊಂಕಣಿ ಮನೆಗಳಲ್ಲಿ ಇದಕ್ಕೆ ಫೋಡಿ ಅಂತಾರೆ. ಕರಾವಳಿಯಲ್ಲಿ ಪೋಡಿ ಅಂತ ಕೇಳಿದರೆ ಕಡಲೆಹಿಟ್ಟಿನಲ್ಲಿ ಅದ್ದಿ ಕರಿದ ಬಜ್ಜಿಯೂ ಸಿಗಬಹುದು, ಅದು ಬೇರೆ ಜಾತಿ. ಉಡುಪಿ ಹತ್ತಿರದ ಮಟ್ಟು ಗುಳ್ಳಕ್ಕಂತೂ 2011ರಲ್ಲಿ ಭೌಗೋಳಿಕ ಸೂಚಕ ಮಾನ್ಯತೆಯೇ ಸಿಕ್ಕಿತು. ಆ ಬೀಜ ಕೊಟ್ಟಿದ್ದು ಸೋದೆ ಮಠದ ವಾದಿರಾಜರು ಅಂತ ಪ್ರತೀತಿ. ತಿಳಿ ಹಸಿರು, ತೆಳು ಸಿಪ್ಪೆ, ಗುಂಡು ಕಾಯಿ. ಮೈಸೂರಿನವರಿಗೆ ಈರನಗೆರೆ ಬದನೆಕಾಯಿ ಬಿಟ್ಟರೆ ಬೇರೆ ಬದನೆಯೇ ಅಲ್ಲ, ಉತ್ತರ ಕರ್ನಾಟಕದವರಿಗೆ ರೊಟ್ಟಿ ಜೊತೆ ಎಣ್ಣೆಗಾಯಿ ಆಗೋ ಪುಟ್ಟ ಮುಳ್ಳುಗಾಯಿಯೇ ಬೇಕು. ಅಂದರೆ ಬದನೆಕಾಯಿ ಅಂತ ಒಂದೇ ಕಾಯಿ ಇಲ್ಲ. ಯಾವ ಕಾಯಿ ಅಂತ ಕೇಳದೆ ಬರೆದ ರೆಸಿಪಿ ಮತ್ತೆ ಪುರಾಣವೇ.

ಇಲ್ಲಿನ ಸೂಪರ್ ಮಾರ್ಕೆಟ್ಟಿನ ದೊಡ್ಡ ಕಪ್ಪು ಕಾಯಿ ನೋಡೋಕೆ ಬೌಲಿಂಗ್ ಆಡೋ ಹಾಗಿರುತ್ತೆ, ಬಲಿತಿದ್ದರೆ ಬೀಜವೂ ಜಾಸ್ತಿ. ರವೆ ಫ್ರೈಗೆ ಉದ್ದನೆಯ ಚೈನೀಸ್ ಬದನೆ ಅಥವಾ ಇಂಡಿಯನ್ ಅಂಗಡಿಯ ಎಳೆ ಕಾಯಿ ವಾಸಿ. ಆಗಸ್ಟ್, ಸೆಪ್ಟೆಂಬರಿನಲ್ಲಿ ಮಿಶಿಗನ್ನಿನಲ್ಲೇ ಬೆಳೆದದ್ದು ಸಿಗುತ್ತೆ. ಶನಿವಾರ ಬೆಳಿಗ್ಗೆ ಡೌನ್‌ಟೌನ್ ಫಾರ್ಮಿಂಗ್ಟನ್ನಿನ ರೈತರ ಸಂತೆಗೋ, ಡೆಟ್ರಾಯಿಟ್ಟಿನ ಈಸ್ಟರ್ನ್ ಮಾರ್ಕೆಟ್ಟಿಗೋ ಹೋಗಿ ನೋಡಿ. ಕೈಯಲ್ಲಿ ಹಿಡಿದರೆ ಗಾತ್ರಕ್ಕೆ ತಕ್ಕ ಭಾರ, ಒತ್ತಿದರೆ ತಕ್ಷಣ ಮೇಲೇಳೋ ಸಿಪ್ಪೆ ಇರಬೇಕು. ಕಪ್ಪು ಕಾಯಿಯೇ ಗತಿ ಅಂದರೆ ಮೊದಲು ಬರೀ ಉಪ್ಪು ಹಾಕಿ ಅರ್ಧ ಗಂಟೆ ಇಟ್ಟು, ಒತ್ತಿ ಒರೆಸಿ. ಆಮೇಲೆ ಉಪ್ಪಿಲ್ಲದ ಮಸಾಲೆಯನ್ನು ಎರಡು ಚಮಚ ನೀರಲ್ಲಿ ಕಲಸಿ ಸವರಿ.

ಅಳತೆ ಬೇಕು ಅನ್ನೋರಿಗೆ: ಒಂದು ಪೌಂಡ್ ಬದನೆಕಾಯಿಗೆ ಮುಕ್ಕಾಲು ಚಮಚ ಉಪ್ಪು, ಒಂದು ಚಮಚ ಬ್ಯಾಡಗಿ ಮೆಣಸಿನ ಪುಡಿ, ಕಾಲು ಚಮಚ ಅರಿಶಿನ, ಚಿಟಿಕೆ ಇಂಗು, ಒಂದು ಚಮಚ ಗಟ್ಟಿ ಹುಣಸೆರಸ. ಮೇಲಿನ ಪುಡಿಗೆ ಅರ್ಧ ಕಪ್ ಚಿರೋಟಿ ರವೆ, ಎರಡು ದೊಡ್ಡ ಚಮಚ ಅಕ್ಕಿ ಹಿಟ್ಟು. ಅಕ್ಕಿ ಹಿಟ್ಟು ಬಿಡಬೇಡಿ, ಆರಿದ ಮೇಲೂ ಸ್ವಲ್ಪ ಹೊತ್ತು ಗರಿ ಉಳಿಸೋದು ಅದೇ. ಖಾರದ ಪುಡಿ ರವೆಗೆ ಸೇರಿಸಬೇಡಿ, ಅದು ಒಳಗಿನ ಪದರದಲ್ಲೇ ಇರಲಿ, ಇಲ್ಲದಿದ್ದರೆ ಸೀದು ಕೆಮ್ಮು ಬರುತ್ತೆ. ರವೆ ಒತ್ತಿದ ತಕ್ಷಣ ಕಾವಲಿಗೆ ಹಾಕಿ, ಕಾಯಿಸಿದರೆ ರವೆ ನೆನೆದು ಉಪ್ಪಿಟ್ಟಾಗುತ್ತೆ. ದಪ್ಪ ತಳದ ಕಬ್ಬಿಣದ ಕಾವಲಿ, ಮೂರು ನಾಲ್ಕು ದೊಡ್ಡ ಚಮಚ ಎಣ್ಣೆ, ಹದ ಉರಿ. ಮೊದಲ ನಾಲ್ಕು ನಿಮಿಷ ಕೈ ಕಟ್ಟಿ ನಿಂತುಕೊಳ್ಳಿ, ತಿರುವೋ ಆಸೆ ಬೇಡ. ಇಳಿಸಿದ ಮೇಲೆ ಪೇಪರ್ ಟವೆಲ್ಲಿನ ಮೇಲೆ ಪೇರಿಸದೆ ಜಾಲರಿಯ ಮೇಲೆ ಬಿಡಿಬಿಡಿಯಾಗಿ ಹರಡಿ. ಅಡಿಯ ಹಬೆ ಹೊರಗೆ ಹೋಗದಿದ್ದರೆ ಪಟ್ಟ ಕಷ್ಟವೆಲ್ಲ ನೀರುಪಾಲು.

ಚಳಿಗಾಲಕ್ಕೂ ಇದೇ ಅನುಕೂಲ. ಜನವರಿಯಲ್ಲಿ ಕಿಟಕಿ ತೆಗೆಯೋ ಹಾಗಿಲ್ಲ. ಎಷ್ಟೋ ಅಪಾರ್ಟ್‌ಮೆಂಟಿನ ಎಕ್ಸಾಸ್ಟ್ ಫ್ಯಾನುಗಳು ಹೊಗೆಯನ್ನು ಹೊರಗೆ ಕಳಿಸೋದೇ ಇಲ್ಲ, ಸೋಸಿ ನಮ್ಮ ಮುಖಕ್ಕೇ ಊದುತ್ತವೆ. ಕರಿಯೋಕೆ ಮೊದಲು ಜಾಕೆಟ್ಟುಗಳನ್ನೆಲ್ಲ ಬೆಡ್‌ರೂಮಿಗೆ ಹಾಕಿ ಬಾಗಿಲು ಮುಚ್ಚೋ ಶಾಸ್ತ್ರ ಎಲ್ಲ ಎನ್ನಾರೈಗಳಿಗೂ ಗೊತ್ತು. ಬಾಣಲೆ ತುಂಬ ಎಣ್ಣೆ ಕಾಯಿಸೋ ಬದಲು ಕಾವಲಿಯಲ್ಲಿ ಹುರಿದರೆ ವಾಸನೆಯೂ ಕಮ್ಮಿ, ಮಿಕ್ಕ ಎಣ್ಣೆ ಏನು ಮಾಡೋದು ಅನ್ನೋ ತಲೆನೋವೂ ಇಲ್ಲ.

ನ್ಯಾಯವಾಗಿ ಒಂದು ಮಾತು ಒಪ್ಪಬೇಕು. ಅವನ್ ಅಥವಾ ಏರ್ ಫ್ರೈಯರಿನಲ್ಲಿ ಮಾಡೋದಾದರೆ ಜಪಾನಿನವರ ಪಾಂಕೋ ಗೆಲ್ಲುತ್ತೆ. ಎಣ್ಣೆ ಸಾಲದಿದ್ದರೆ ರವೆ ಮರಳಿನ ಹಾಗೆ ಹಲ್ಲಿಗೆ ಸಿಗುತ್ತೆ. ಚೀಸು, ಟೊಮ್ಯಾಟೊ ಸಾಸಿನ ಕೆಳಗೆ ಹೂತಿಡೋ ಎಗ್‌ಪ್ಲಾಂಟ್ ಪಾರ್ಮೆಜಾನಿಗೂ ರವೆ ಹೇಳಿದ್ದಲ್ಲ.

ಇಷ್ಟಕ್ಕೆಲ್ಲ ಯಾಕೆ ವಾದ, ಎಗ್ಗಿನಲ್ಲಿ ಅದ್ದಿದರೆ ಗಂಟೇನು ಹೋಗುತ್ತೆ ಅಂತೀರಾ? ನನಗೇನೂ ಹೋಗಲ್ಲ, ನಾನು ಮೊಟ್ಟೆ ತಿಂತೀನಿ. ಆದರೆ ಇಲ್ಲಿನ ಪಾಟ್‌ಲಕ್ ಟೇಬಲ್ಲಿನ ಕಡೆ ಒಮ್ಮೆ ನೋಡಿ. ಆರು ತಿಂಗಳಿಗೆ ಅಂತ ಊರಿಂದ ಬಂದಿರೋ ಅಪ್ಪ ಅಮ್ಮಂದಿರು ಇರ್ತಾರೆ. ಬಂಗಾರ ಬಣ್ಣದ ಬ್ರೆಡ್ ಕ್ರಂಬ್ಸಿನ ಬಿಲ್ಲೆ ಕಂಡರೆ ಅದರಲ್ಲಿ ಮೊಟ್ಟೆ ಇದೆಯಾ ಅಂತ ಕೇಳೋಕೂ ಅವರಿಗೆ ಸಂಕೋಚ. ಸುಮ್ಮನೆ ಮುಂದಿನ ಟ್ರೇಗೆ ಹೋಗಿ ಮೊಸರನ್ನ ಬಡಿಸಿಕೊಳ್ತಾರೆ. ಬದನೆಕಾಯಿ ಅಂದರೆ ಪ್ರಾಣ ಬಿಡೋ ಜನ, ಬದನೆಕಾಯಿಯ ಮುಂದೆಯೇ ಹಾದು ಹೋಗ್ತಾರೆ. ಆಫೀಸಿನ ವೀಗನ್ ಗೆಳೆಯನದೂ ಅದೇ ಕಥೆ. ರವೆಯದ್ದು ಮಾಡಿದರೆ ಯಾರೂ ಯಾರನ್ನೂ ಏನೂ ಕೇಳಬೇಕಾಗಿಲ್ಲ. (ಚಾತುರ್ಮಾಸ್ಯದಲ್ಲಿ ಬದನೆ ಮುಟ್ಟದವರಿಗೆ ಮಾತ್ರ ನನ್ನ ಹತ್ತಿರ ಪರಿಹಾರ ಇಲ್ಲ, ಅವರು ಆ ಶಾಸ್ತ್ರಿಗಳನ್ನೇ ಕೇಳಬೇಕು!)

ಕ್ರೀಮ್ ಆಫ್ ವೀಟ್‌ನಲ್ಲಿ ಉಪ್ಪಿಟ್ಟು ಕೆದಕಿಕೊಂಡು ದಿನ ತಳ್ಳಿದ ಹಿರಿಯರು ಇದೇ ದೇಶದಲ್ಲಿದ್ದಾರೆ. ಅವರಿಗೆ ರವೆ ಸಿಗದೆ ಅದನ್ನು ಹುಡುಕಿಕೊಂಡರು. ನಮಗೆ ಹತ್ತು ನಿಮಿಷ ಡ್ರೈವ್ ಮಾಡಿದರೆ ಚಿರೋಟಿ ರವೆ, ಬಾಂಬೆ ರವೆ, ಬನ್ಸಿ ರವೆ ಎಲ್ಲ ಸಾಲಾಗಿ ನಿಂತಿರುತ್ತೆ. ಡಬ್ಬದಲ್ಲಿ ರವೆ ಇಟ್ಟುಕೊಂಡು ಕ್ರಂಬ್ಸ್ ತರೋಕೆ ಹೋಗೋದು ಯಾವ ನ್ಯಾಯ, ನೀವೇ ಹೇಳಿ?