ಟ್ವೆಂಟಿ–ಥರ್ಟಿಯವರು ಕೇಳುವ ಲೆಕ್ಕ

ಇಪ್ಪತ್ತಡಿ ಅಗಲ, ಮೂವತ್ತಡಿ ಉದ್ದ. ಬೆಂಗಳೂರಿನ ದುಡಿಯುವ ಜನ ಜೀವಮಾನವಿಡೀ ಬೆವರು ಬಸಿದು ತಮ್ಮದೆಂದು ಮಾಡಿಕೊಳ್ಳುವ ನೆಲ ಇಷ್ಟೇ, ಆರುನೂರು ಚದರಡಿ. ಲಗ್ಗೆರೆ, ಹೆಗ್ಗನಹಳ್ಳಿ, ಸುಂಕದಕಟ್ಟೆ, ಬೊಮ್ಮನಹಳ್ಳಿಯ ಗಲ್ಲಿಗಳಲ್ಲಿ ಗೋಡೆಗೆ ಗೋಡೆ ತಾಗಿಕೊಂಡು ಇಂಥ ಮನೆಗಳು ಸಾಲುಸಾಲಾಗಿ ನಿಂತಿವೆ. ಇವುಗಳಲ್ಲಿ ಲೆಕ್ಕವಿಲ್ಲದಷ್ಟು ಮನೆಗಳಿಗೆ ಸರ್ಕಾರ ಇಟ್ಟಿರುವ ಹೆಸರು ‘ಅಕ್ರಮ’. ಗಾರ್ಮೆಂಟ್ಸ್‌ನಲ್ಲಿ ಕಾಲರ್ ಹೊಲಿದು ಹೊಲಿದು ಸೊಂಟ ಹಿಡಿದುಕೊಂಡ ಹೆಂಗಸಿನ ಮನೆ ಅಕ್ರಮ. ಊರಿನವರ ಮನೆಗಳಿಗೆಲ್ಲ ಗಾರೆ ಬಳಿದವನ ಮನೆ ಅಕ್ರಮ. ನಾನು ಇದನ್ನು ಒಪ್ಪುವುದಿಲ್ಲ. ಅಕ್ರಮ ನಡೆದಿದೆ, ನಿಜ. ಅದನ್ನು ನಡೆಸಿದವರು ಈ ಮನೆಗಳಲ್ಲಿ ವಾಸವಿಲ್ಲ.

ಇಂಥ ಮನೆಗಳು ನಿಂತಿರುವ ರೆವಿನ್ಯೂ ಸೈಟು ಹೇಗೆ ಹುಟ್ಟುತ್ತದೆ ನೋಡಿ. ಊರಂಚಿನ ರೈತನಿಗೆ ಬೇಸಾಯ ಗಿಟ್ಟುವುದಿಲ್ಲ. ಲೇಔಟ್ ಮಾಡುವವನೊಬ್ಬ ಬಂದು ಹೊಲ ಕೊಳ್ಳುತ್ತಾನೆ. 1964ರ ಭೂಕಂದಾಯ ಕಾಯ್ದೆಯ ಪ್ರಕಾರ ಕೃಷಿ ಜಮೀನನ್ನು ಮೊದಲು ಭೂಪರಿವರ್ತನೆ ಮಾಡಿಸಬೇಕು, ಆಮೇಲೆ ಯೋಜನಾ ಪ್ರಾಧಿಕಾರದಿಂದ ನಕ್ಷೆ ಮಂಜೂರಾಗಬೇಕು, ರಸ್ತೆಗೆ, ಪಾರ್ಕಿಗೆ ಜಾಗ ಬಿಡಬೇಕು. ಅವನು ಯಾವುದನ್ನೂ ಮಾಡುವುದಿಲ್ಲ. ಸುಣ್ಣದ ಗೆರೆ ಎಳೆದು, ಕಲ್ಲು ನೆಟ್ಟು, ಗುಂಟೆ ಲೆಕ್ಕದಲ್ಲೋ ಜಿಪಿಎ ಎಂಬ ಅಧಿಕಾರ ಪತ್ರದ ಮೇಲೋ ಮಾರಿ ಹೋಗುತ್ತಾನೆ. ಇದು ರಾತ್ರೋರಾತ್ರಿ ಕದ್ದುಮುಚ್ಚಿ ನಡೆಯುವ ಕೆಲಸವೇ? ಗ್ರಾಮ ಲೆಕ್ಕಿಗನಿಗೆ ಗೊತ್ತು, ಪಂಚಾಯಿತಿಗೆ ಗೊತ್ತು, ಶಾಸಕನಿಗೆ ಎಲ್ಲರಿಗಿಂತ ಮೊದಲೇ ಗೊತ್ತು. ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಿ ಮುದ್ರಾಂಕ ಶುಲ್ಕ ಕಟ್ಟಿಸಿಕೊಳ್ಳುವಾಗ ಯಾರೂ ಅಕ್ರಮದ ಮಾತೆತ್ತುವುದಿಲ್ಲ. ವರ್ಷವರ್ಷ ಕಂದಾಯ ವಸೂಲಿ ಮಾಡುವಾಗಲೂ ಎತ್ತುವುದಿಲ್ಲ. ಪಾಲಿಕೆಯ ‘ಬಿ’ ರಿಜಿಸ್ಟರ್ ಇರುವುದೇ ಇದಕ್ಕೆ. ನಿಮ್ಮ ಮನೆಯನ್ನು ಮಾನ್ಯ ಮಾಡುವುದಿಲ್ಲ, ನಿಮ್ಮ ತೆರಿಗೆಯನ್ನು ಮಾತ್ರ ಬಿಡುವುದಿಲ್ಲ ಎಂದು ಬರೆದಿಟ್ಟ ಪುಸ್ತಕ ಅದು.

ಆ ಪುಸ್ತಕದ ಬಿ ಖಾತಾ ಎಂದ ಕೂಡಲೇ ದೊಡ್ಡ ಬ್ಯಾಂಕುಗಳ ಬಾಗಿಲು ಮುಚ್ಚುತ್ತದೆ. ಸಂಬಳದ ಸ್ಲಿಪ್ಪು ದಪ್ಪಗಿದ್ದವನಿಗೆ ಅಗ್ಗದ ಬಡ್ಡಿಯ ಗೃಹಸಾಲ, ಜೊತೆಗೆ ಆದಾಯ ತೆರಿಗೆಯಲ್ಲಿ ರಿಯಾಯಿತಿ. ನಮ್ಮವರಿಗೆ ಚೀಟಿ ಎತ್ತಿದ ದುಡ್ಡು, ಅಡ ಇಟ್ಟ ಒಡವೆ, ಸಂಘದ ಸಾಲ, ಮೀಟರ್ ಬಡ್ಡಿ. ಮೊದಲು ಸಂಪು ತೋಡುತ್ತಾರೆ, ಶೀಟಿನ ಮನೆಯಲ್ಲಿ ನಾಲ್ಕಾರು ವರ್ಷ ಕಳೆಯುತ್ತಾರೆ, ಆಮೇಲೆ ಮೋಲ್ಡು ಹಾಕಿಸುತ್ತಾರೆ. ಮುಂದಿನ ಮಹಡಿಗೆಂದು ಪಿಲ್ಲರಿನ ಕಂಬಿಗಳನ್ನು ತಾರಸಿಯ ಮೇಲೆ ಹಾಗೇ ಬಿಟ್ಟಿರುತ್ತಾರೆ. ಮೇಲೆ ಎರಡು ಸಿಂಗಲ್ ರೂಮು ಎದ್ದರೆ ಅದರ ಬಾಡಿಗೆಯಲ್ಲಿ ಸಾಲದ ಕಂತು ತೀರಬೇಕು, ಮಗಳ ಕಾಲೇಜು ಫೀಸು ಹೊರಡಬೇಕು. ಕೆಳಗೆ ಬೀದಿಗೆ ತೆರೆದ ಒಂದು ಕೋಣೆ, ಅಲ್ಲಿ ಟೈಲರ್ ಅಂಗಡಿಯೋ ಹಿಟ್ಟಿನ ಗಿರಣಿಯೋ. ನಗರ ಯೋಜನೆ ಓದಿಕೊಂಡು ಬಂದವರು ಅಂಗಡಿ, ಮನೆ, ಕೆಲಸ ಎಲ್ಲ ನಡೆದು ಹೋಗುವಷ್ಟು ಹತ್ತಿರ ಇರಬೇಕು ಎಂದು ಸಭೆಗಳಲ್ಲಿ ಭಾಷಣ ಮಾಡುತ್ತಾರೆ. ಅದನ್ನು ಒಂದು ರೂಪಾಯಿಯ ಸರ್ಕಾರಿ ನೆರವಿಲ್ಲದೆ ಕಟ್ಟಿ ತೋರಿಸಿದವರು ಈ ಗಲ್ಲಿಯವರು.

2016ರ ಏಪ್ರಿಲ್ ನೆನಪಿದೆಯೇ? ಭವಿಷ್ಯ ನಿಧಿಯಲ್ಲಿ ಮಾಲೀಕರ ಪಾಲಿನ ಹಣವನ್ನು 58 ವರ್ಷ ತುಂಬುವವರೆಗೆ ತೆಗೆಯುವಂತಿಲ್ಲ ಎಂದು ಕೇಂದ್ರ ಸರ್ಕಾರ ನಿಯಮ ಮಾಡಿತ್ತು. ಬೆಂಗಳೂರಿನ ಗಾರ್ಮೆಂಟ್ಸ್ ಹೆಣ್ಣುಮಕ್ಕಳು ಮಷಿನ್ ಬಿಟ್ಟೆದ್ದು ಬಂದು ಹೊಸೂರು ರಸ್ತೆ, ತುಮಕೂರು ರಸ್ತೆಗಳನ್ನು ಬಂದ್ ಮಾಡಿದರು. ಪೊಲೀಸರು ಲಾಠಿ ಬೀಸಿದರು, ಅಶ್ರುವಾಯು ಸಿಡಿಸಿದರು. ಎರಡನೆಯ ದಿನ, ಏಪ್ರಿಲ್ 19ಕ್ಕೆ, ಕೇಂದ್ರ ಸರ್ಕಾರ ನಿಯಮ ವಾಪಸ್ ತೆಗೆದುಕೊಂಡಿತು. ಟ್ರಾಫಿಕ್ ಜಾಮ್ ಆಯಿತೆಂದು ಸಿಟ್ಟಾದವರಿಗೆ ಆ ದುಡ್ಡು ಏನೆಂಬುದೇ ಗೊತ್ತಿರಲಿಲ್ಲ. ಅದು ಮಕ್ಕಳ ಓದು, ಮದುವೆ, ಆಸ್ಪತ್ರೆ. ಅದು ಸೈಟಿನ ಅಡ್ವಾನ್ಸು, ಮೋಲ್ಡಿನ ಕಬ್ಬಿಣ. ಬ್ಯಾಂಕು ಒಳಗೆ ಬಿಟ್ಟುಕೊಳ್ಳದವರಿಗೆ ಪಿಎಫ್ ಒಂದೇ ಗೃಹಸಾಲ.

‘ಸಕ್ರಮವಾದ ಸೈಟೇ ಕೊಳ್ಳಬಹುದಿತ್ತಲ್ಲ’ ಎನ್ನುವವರಿಗೆ ಕೇಳುತ್ತೇನೆ, ಎಲ್ಲಿ? ಬೆಂಗಳೂರು ಅಭಿವೃದ್ಧಿ ಪ್ರಾಧಿಕಾರ 1976ರಿಂದ ಇದೆ. ಅರ್ಜಿ ಹಾಕಿ, ಠೇವಣಿ ಕಟ್ಟಿ, ಕೂದಲು ನರೆಯುವವರೆಗೆ ಕಾದವರು ಊರು ತುಂಬ ಇದ್ದಾರೆ. ಅರ್ಕಾವತಿ ಬಡಾವಣೆಗೆ 2004ರಲ್ಲಿ 16 ಹಳ್ಳಿಗಳ 2,750 ಎಕರೆಗೆ ಅಂತಿಮ ಅಧಿಸೂಚನೆ ಹೊರಟಿತು. ಆಮೇಲೆ ಡಿನೋಟಿಫಿಕೇಷನ್, ಕೋರ್ಟು, ವಿಚಾರಣಾ ಆಯೋಗ. ಹಂಚಿಕೆ ಪತ್ರ ಕೈಯಲ್ಲಿದ್ದೂ ನೆಲ ಸಿಗದೆ ಅಲೆದವರು ಸಾವಿರಾರು. ಅದೇ ಪ್ರಾಧಿಕಾರದಲ್ಲಿ ‘ಜಿ ಕೆಟಗರಿ’ ಎಂಬ ಇನ್ನೊಂದು ದಾರಿಯಿತ್ತು. ಅದು ಮುಖ್ಯಮಂತ್ರಿಗಳ ವಿವೇಚನೆಯ ಕೋಟಾ. ಶಾಸಕರು, ಸಂಸದರು, ಬೇಕಾದವರು ಆ ದಾರಿಯಲ್ಲಿ ಒಳಹೋಗಿ ಸೈಟು ಹಿಡಿದು ಬಂದರು. ಹಾಗೆ ಪಡೆದ ಸೈಟುಗಳ ಖಾತಾ ಮಾತ್ರ ಅಚ್ಚುಕಟ್ಟಾಗಿ ‘ಎ’, ಪೂರ್ತಿ ಸಕ್ರಮ.

ಇನ್ನೂ ಹಿಂದಕ್ಕೆ ಹೋಗೋಣ. ಹತ್ತೊಂಬತ್ತನೆಯ ಶತಮಾನದ ಕೊನೆಗೆ ಮಲ್ಲೇಶ್ವರ, ಬಸವನಗುಡಿ ಬಡಾವಣೆಗಳ ಯೋಜನೆಯಾದಾಗ, ಜಾತಿಗಿಷ್ಟು ಬ್ಲಾಕು ಎಂದು ಕಾಗದದ ಮೇಲೆಯೇ ವಿಂಗಡಿಸಿದ್ದರು. 1898ರ ಪ್ಲೇಗಿನ ನಂತರ ಅಗಲ ರಸ್ತೆ, ಗಾಳಿ ಬೆಳಕಿನ ಆ ಊರುಗಳು ತುಂಬಿದವು. ಅಂದರೆ ಈ ನಗರದಲ್ಲಿ ಕೆಲವರಿಗೆ ಸರ್ಕಾರವೇ ಮುಂದೆ ನಿಂತು ನಕ್ಷೆ ಬರೆದು ಕೊಟ್ಟಿತು. ಪೇಟೆಯ ಕೊಳೆ ಬಳಿದವರಿಗೆ, ನೂಲು ತೆಗೆದವರಿಗೆ, ಆಮೇಲೆ ಕಾರ್ಖಾನೆಗೆ ಬಂದವರಿಗೆ ಅಂಥ ನಕ್ಷೆ ಬರೆದವರಿಲ್ಲ. ನಕ್ಷೆಯೊಳಗೆ ಸೇರಿಸದವರನ್ನೇ ಈಗ ನಕ್ಷೆ ಉಲ್ಲಂಘಿಸಿದ್ದೀರಿ ಎಂದು ಗದರುತ್ತಾರೆ.

ನಕ್ಷೆಯೊಳಗೆ ಸೇರಿದ ಬಡವರ ಕಥೆಯೂ ಬೇರೆಯಲ್ಲ. ಈಜಿಪುರದಲ್ಲಿ ಬಡವರಿಗೆಂದೇ ಪಾಲಿಕೆ ಕಟ್ಟಿಸಿದ ಕ್ವಾರ್ಟರ್ಸ್ ಇತ್ತು. ಕಳಪೆ ಕಟ್ಟಡದ ಒಂದಷ್ಟು ಭಾಗ 2007ರಲ್ಲಿ ಕುಸಿಯಿತು. ಜನ ಅದೇ ಜಾಗದಲ್ಲಿ ತಗಡಿನ ಶೆಡ್ಡುಗಳಲ್ಲಿ ಕಾದರು. 2013ರ ಜನವರಿಯಲ್ಲಿ ಬುಲ್ಡೋಜರ್ ಬಂತು. ಸುಮಾರು 1,500 ಕುಟುಂಬಗಳು ಪಾತ್ರೆಪಡಗ ಕಟ್ಟಿಕೊಂಡು ಫುಟ್‌ಪಾತಿಗೆ ಬಿದ್ದವು. ಆ ನೆಲದಲ್ಲಿ ಖಾಸಗಿ ಸಹಭಾಗಿತ್ವದ ಮಾಲ್ ಏಳಬೇಕಿತ್ತು. ಅವರೇನು ರೆವಿನ್ಯೂ ಸೈಟು ಕೊಂಡವರೇ? ಸರ್ಕಾರ ಕೊಟ್ಟ ಮನೆಯಲ್ಲೇ ಇದ್ದವರು.

ಕೊಳ್ಳುವ ಶಕ್ತಿ ಇಲ್ಲದವರ ಪಾಡು ಬಾಡಿಗೆ ಮನೆಯ ಬಾಗಿಲಲ್ಲಿ ನಿಲ್ಲುತ್ತದೆ. ‘ಯಾವ ಜನ ನೀವು? ಊರಲ್ಲಿ ಯಾವ ಬೀದಿ? ಮಟನ್ ಗಿಟನ್ ಮಾಡ್ತೀರಾ?’ ಹೆಸರು ಕೇಳಿ, ತಂದೆಯ ಹೆಸರು ಕೇಳಿ, ಅದರಲ್ಲೂ ಜಾತಿ ಸಿಗದಿದ್ದರೆ ಅಡುಗೆ ಕೇಳುತ್ತಾರೆ. ಮುಸ್ಲಿಮರಿಗೆ ಅಷ್ಟು ಪ್ರಶ್ನೆಯೂ ಇಲ್ಲ, ‘ಮನೆ ಆಗಲೇ ಹೋಯ್ತು’ ಎಂಬ ಒಂದೇ ಉತ್ತರ. ಇದನ್ನು ಬಸವನಗುಡಿಯವರು ಮಾತ್ರ ಕೇಳುತ್ತಾರೆಂದು ಹೇಳಿ ನಾನು ಜಾರಿಕೊಳ್ಳುವುದಿಲ್ಲ. ನಮ್ಮ ಗಲ್ಲಿಯ ಮನೆ ಮಾಲೀಕರೂ ಕೇಳುತ್ತಾರೆ. ತನ್ನ ಮನೆಯನ್ನೇ ಅಕ್ರಮ ಎನ್ನಿಸಿಕೊಂಡು ನೊಂದವನು ಮೇಲಿನ ಸಿಂಗಲ್ ರೂಮಿಗೆ ಹೊಲೆಯ, ಮಾದಿಗ ಬೇಡ ಎಂದಾಗ ನನಗೆ ಮೈಯೆಲ್ಲ ಉರಿಯುತ್ತದೆ. ಅಣ್ಣಾ, ನಿನ್ನನ್ನು ನಕ್ಷೆಯಾಚೆ ಇಟ್ಟವರ ಬುದ್ಧಿಯನ್ನೇ ನೀನು ಎರವಲು ತಂದಿದ್ದೀಯೆ.

1955ರ ನಾಗರಿಕ ಹಕ್ಕುಗಳ ಸಂರಕ್ಷಣಾ ಕಾಯ್ದೆಯ 4ನೇ ಕಲಮು ಸ್ಪಷ್ಟವಾಗಿದೆ. ಅಸ್ಪೃಶ್ಯತೆಯ ಕಾರಣಕ್ಕೆ ಯಾರನ್ನೇ ಆಗಲಿ ಯಾವುದೇ ಬಡಾವಣೆಯಲ್ಲಿ ಮನೆ ಕಟ್ಟದಂತೆ, ಕೊಳ್ಳದಂತೆ, ವಾಸಿಸದಂತೆ ತಡೆಯುವುದು ಅಪರಾಧ. ಬಾಡಿಗೆ ನಿರಾಕರಿಸುವವನು ಜಾತಿಯ ಹೆಸರೆತ್ತದೆ ‘ವೆಜ್ ಓನ್ಲಿ’ ಎಂದರೆ ಸಾಕು, ತಪ್ಪಿಸಿಕೊಳ್ಳುತ್ತಾನೆ. ಧರ್ಮದ ಹೆಸರಲ್ಲಿ ಬಾಗಿಲು ಹಾಕಿದರೆ ಈ ಕಾಯ್ದೆ ಮುಟ್ಟುವುದೇ ಇಲ್ಲ. 2005ರಲ್ಲಿ ಅಹಮದಾಬಾದಿನ ಪಾರ್ಸಿ ಗೃಹ ನಿರ್ಮಾಣ ಸಹಕಾರ ಸಂಘವೊಂದು ತನ್ನವರಿಗಷ್ಟೇ ಸದಸ್ಯತ್ವ ಎಂದದ್ದನ್ನು ಸುಪ್ರೀಂ ಕೋರ್ಟೇ ಎತ್ತಿಹಿಡಿಯಿತು. ಸಣ್ಣ ಸಮುದಾಯದ ಆತಂಕ ನನಗೆ ಅರ್ಥವಾಗುತ್ತದೆ. ಆದರೆ ಆ ಬೇಲಿಯ ನೆರಳಲ್ಲಿ ಎಂತೆಂಥ ಬಲಾಢ್ಯ ಜಾತಿಗಳು ಬೆಚ್ಚಗೆ ಕೂರುತ್ತವೆ ಎಂಬುದೂ ಅರ್ಥವಾಗುತ್ತದೆ.

ಈಚಿನ ಕಥೆ ಕೇಳಿ. 2024ರ ಡಿಸೆಂಬರಿನಲ್ಲಿ ಸುಪ್ರೀಂ ಕೋರ್ಟಿನ ತೀರ್ಪು ಬಂತು, ಸ್ವಾಧೀನಾನುಭವ ಪತ್ರವಿಲ್ಲದ ಕಟ್ಟಡಕ್ಕೆ ವಿದ್ಯುತ್, ನೀರು ಕೊಡಬಾರದೆಂದು. 2025ರಲ್ಲಿ ಕರ್ನಾಟಕದ ವಿದ್ಯುತ್ ಕಂಪನಿಗಳು ಹೊಸ ಸಂಪರ್ಕ ನಿಲ್ಲಿಸಿದವು. ಗೃಹಪ್ರವೇಶ ಮಾಡಿದ ಮನೆಗಳು ಕತ್ತಲಲ್ಲಿ ಉಳಿದವು. ತಾತ್ಕಾಲಿಕ ಸಂಪರ್ಕಕ್ಕೆ ಯೂನಿಟ್ಟಿಗೆ ದುಬಾರಿ ದರ ತೆರಬೇಕಾಯಿತು. ತಿಂಗಳುಗಟ್ಟಲೆ ಗೋಳಾಡಿಸಿದ ಮೇಲೆ 1,200 ಚದರಡಿವರೆಗಿನ ಸೈಟುಗಳ ಮನೆಗೆ ಆ ಪತ್ರದಿಂದ ವಿನಾಯಿತಿ ಎಂದರು. ಅದೇ ವರ್ಷ ಬಿ ಖಾತಾವನ್ನು ಎ ಮಾಡಿಕೊಡುತ್ತೇವೆ, ಮಾರ್ಗಸೂಚಿ ಮೌಲ್ಯದ ಶೇ 5 ಕಟ್ಟಿ ಎಂದರು. ನಗರದ ಮಾರ್ಗಸೂಚಿ ದರದಲ್ಲಿ ಆರುನೂರು ಚದರಡಿಗೆ ಶೇ 5 ಎಂದರೆ ಹೊಲಿಗೆಯವಳ ಎಷ್ಟು ತಿಂಗಳ ಸಂಬಳ, ಯಾರಾದರೂ ಲೆಕ್ಕ ಹಾಕಿದ್ದಾರೆಯೇ? ಸೈಟು ಮಾರಿ ಹೋದವನಿಗೆ ದಂಡ ಎಷ್ಟು? ಕಣ್ಣುಮುಚ್ಚಿ ಕೂತ ಅಧಿಕಾರಿಗೆ ಎಷ್ಟು? ತಪ್ಪು ಮೂವರದಾದರೆ ದಂಡ ಒಬ್ಬಳದೇ ಏಕೆ?

ಇಪ್ಪತ್ತು–ಮೂವತ್ತರ ಮನೆಗೆ ದಂಡವಿಲ್ಲದೆ ಖಾತಾ ಕೊಡಬೇಕು. ನಮ್ಮ ಬೀದಿಗೆ ಅಗ್ನಿಶಾಮಕದ ಗಾಡಿ ನುಗ್ಗುವ ಹಾದಿ, ಒಳಚರಂಡಿ, ಕಾವೇರಿ ನೀರು, ಇವನ್ನು ನಾವು ಈಗಾಗಲೇ ಕಟ್ಟಿರುವ ತೆರಿಗೆಯಿಂದಲೇ ಮಾಡಿಕೊಡಬೇಕು. ಬಾಡಿಗೆ ಬಾಗಿಲಲ್ಲಿ ಜಾತಿ, ಧರ್ಮ, ಅಡುಗೆ ಕೇಳುವುದು ಅಪರಾಧ ಎಂದು ವಿಧಾನಸೌಧದಲ್ಲಿ ಕಾನೂನು ಬರಬೇಕು. ಪ್ರತಿ ಮನೆಯ ಟ್ರಂಕಿನಲ್ಲೂ ವರ್ಷವರ್ಷದ ಕಂದಾಯ ರಸೀದಿ ಜೋಪಾನವಾಗಿದೆ. ಅಷ್ಟನ್ನೂ ಹಿಡಿದುಕೊಂಡು ಪಾಲಿಕೆಯ ಕಚೇರಿಗೆ ಬರುತ್ತೇವೆ. ಒಂದೊಂದು ರಸೀದಿಗೂ ಈ ಗಲ್ಲಿಗೆ ಏನು ಕೊಟ್ಟಿರಿ ಎಂದು ಅಲ್ಲಿ ಎಲ್ಲರೆದುರು ಓದಿ ಹೇಳಬೇಕು.